ಧರ್ಮಸಂಕಟಕ್ಕೆ ಸಿಕ್ಕಾಕೊಂಡಾಗ ಏನ್ಮಾಡೋದು, ಒಂದೊಂದೇ ಹೆಜ್ಜೆ

ಫಾರಂನ ಕೆಳಗೆ ಬಲಗಡೆ ಮೂಲೇಲಿ "ಪರೀಕ್ಷಿಸಿದವರು" ಅಂತ ಪ್ರಿಂಟ್ ಆಗಿತ್ತು, ಪಕ್ಕದಲ್ಲಿ ಒಂದು ಖಾಲಿ ಗೆರೆ. ನಾನಾಗ ಒಂದು ಕಂಪನೀಲಿ ವಾಲ್ವ್ ಟೆಸ್ಟಿಂಗ್ ಮಾಡೋ ವಿಭಾಗದಲ್ಲಿದ್ದೆ, ಸೇರಿ ಒಂದು ವರ್ಷನೂ ಆಗಿರ್ಲಿಲ್ಲ. ಬ್ಯಾಚಲ್ಲಿ 40 ವಾಲ್ವು, ಪ್ರೆಶರ್ ಹಾಕಿ ನೋಡಿದ್ದು 12, ಹೊರಗಡೆ ಲಾರಿ ಎಂಜಿನ್ ಆನ್ ಮಾಡ್ಕೊಂಡೇ ನಿಂತಿದೆ, ಮ್ಯಾನೇಜರು ಪೆನ್ನಿನ ಕ್ಯಾಪ್ ತಾವೇ ತೆಗೆದು ನನ್ನ ಕೈಗೆ ಕೊಟ್ಟು "ಎಲ್ಲಾ ಒಂದೇ ಬ್ಯಾಚ್ ಕಣಯ್ಯಾ, 12 ಪಾಸಾದ್ರೆ 40 ಪಾಸಾದ ಹಾಗೇ, ಹಾಕು" ಅಂದ್ರು. ಹಾಕ್ದೆ. ಏನೂ ಆಗ್ಲಿಲ್ಲ. ಏನೂ ಆಗ್ಲಿಲ್ಲ ಅನ್ನೋದೇ ತೊಂದ್ರೆ ಆಗಿದ್ದು, ಯಾಕಂದ್ರೆ ಮುಂದಿನ ತಿಂಗಳು ಅದೇ ಪೆನ್ನು ಕ್ಯಾಪ್ ತೆಗೆಸ್ಕೊಂಡು ಮತ್ತೆ ನನ್ನ ಮುಂದೆ ಬಂತು.

ಆ ಎರಡನೇ ಸಲದ ಕಥೆ ಆಮೇಲೆ ಹೇಳ್ತೀನಿ. ಆವತ್ತಿಂದ ಇದರ ಬಗ್ಗೆ ಓದಿದ್ದು, ತಿಳಿದವ್ರನ್ನ ಕೇಳಿದ್ದು, ನಾನೇ ಇನ್ನೂ ಎರಡ್ಮೂರು ಸಲ ಎಡವಿ ಬಿದ್ದಿದ್ದು ಎಲ್ಲಾ ಸೇರಿ ನಂಗೆ ಗಟ್ಟಿಯಾಗಿ ಅನ್ಸಿರೋದು ಇಷ್ಟು: ನಾವು ಧರ್ಮಸಂಕಟ ಅಂತ ಕರೆಯೋದ್ರಲ್ಲಿ ಬಹುಪಾಲು ಬರೀ ಹೆದ್ರಿಕೆ. ಯಾವ್ದು ಸರಿ ಅಂತ ಒಳಗೊಳಗೇ ಗೊತ್ತಿರತ್ತೆ, ಮಾಡಿದ್ರೆ ಏನ್ ಗತಿಯೋ ಅಂತ ಕೈಕಾಲು ತಣ್ಣಗಾಗಿರತ್ತೆ. ಹೆದ್ರಿಕೆಗೆ ಔಷಧಿ ಬೇರೆ, ಸಂಕಟಕ್ಕೆ ಔಷಧಿ ಬೇರೆ, ಹಾಗಾಗಿ ಮೊದ್ಲು ಯಾವ ಕಾಯಿಲೆ ಅಂತ ತಿಳ್ಕೊಳ್ಳೋದು.

ಹೆಜ್ಜೆ 1: ಪೆನ್ನು ಕೆಳಗಿಡಿ

ಈಗ್ಲೇ ಹೇಳು, ಈಗ್ಲೇ ಸಹಿ ಹಾಕು, ಈಗ್ಲೇ ಮಾತು ಕೊಡು ಅಂತ ಯಾರಾದ್ರೂ ಅವಸರ ಮಾಡ್ತಿದ್ರೆ ಮೊದ್ಲು ಆ ಅವಸರನ ಮುರೀರಿ. ಅವಸರ ಎಂಥೋರನ್ನೂ ಕೆಡಿಸತ್ತೆ. ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಅನ್ನೋ ಇಬ್ರು ಮನಃಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗೋಕೆ ಓದ್ತಿದ್ದ ಹುಡುಗ್ರನ್ನ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡೋಕೆ ಅಂತ ಕಳಿಸಿದ್ರು, ದಾರೀಲಿ ಬಾಗಿಲ ಹತ್ರ ಒಬ್ಬ ಕುಸಿದು ಕೂತು ಕೆಮ್ತಾ ನರಳ್ತಾ ಇದ್ದ. ಬೇಕಾದಷ್ಟು ಟೈಮಿದೆ ಅಂತ ಹೇಳಿಸ್ಕೊಂಡು ಹೊರಟವ್ರಲ್ಲಿ 63% ಜನ ಸಹಾಯಕ್ಕೆ ನಿಂತ್ರು, ಲೇಟಾಯ್ತು ಬೇಗ ಹೋಗು ಅಂತ ಹೇಳಿಸ್ಕೊಂಡವ್ರಲ್ಲಿ ಬರೀ 10%. ತಮಾಷೆ ಅಂದ್ರೆ ಅವ್ರಲ್ಲಿ ಕೆಲವರು ಭಾಷಣ ಮಾಡ್ಬೇಕಾಗಿದ್ದ ವಿಷ್ಯನೇ ದಾರೀಲಿ ಬಿದ್ದವನಿಗೆ ಕೈ ಕೊಟ್ಟ ದಯಾಳುವಿನ ಕಥೆ.

ಟೈಮ್ ಕೇಳೋದು ಹೇಡಿತನ ಅಂತ ಯಾರಾದ್ರೂ ಅಂದ್ರೆ ಫ್ರಾನ್ಸಿಸ್ ಕೆಲ್ಸಿ ಅವ್ರನ್ನ ನೆನಪಿಸ್ಕೊಳ್ಳಿ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೇಲಿ ಕೆಲಸಕ್ಕೆ ಸೇರಿದ ಹೊಸದರಲ್ಲೇ, 1960ರ ಸೆಪ್ಟೆಂಬರ್‌ನಲ್ಲಿ, ಥ್ಯಾಲಿಡೊಮೈಡ್ ಅನ್ನೋ ಔಷಧಿ ಮಾರೋಕೆ ಅನುಮತಿ ಕೇಳಿದ ಅರ್ಜಿ ಅವ್ರ ಟೇಬಲ್ಲಿಗೆ ಬಂತು. ಬೇರೆ ಎಷ್ಟೋ ದೇಶದಲ್ಲಿ ಆಗ್ಲೇ ಮಾರಾಟ ಆಗ್ತಿತ್ತು, ಕಂಪನಿಯವ್ರು ಬೆನ್ನು ಬಿದ್ದಿದ್ರು, ಈಯಮ್ಮ ಮಾತ್ರ ಮಾಹಿತಿ ಸಾಲದು ಇನ್ನೂ ಕೊಡಿ ಅಂತ ಮತ್ತೆ ಮತ್ತೆ ವಾಪಸ್ ಕಳಿಸಿದ್ರು. ಆ ಔಷಧಿ ಕೆಟ್ಟದ್ದು ಅಂತ ಅವ್ರಿಗೇನೂ ಗೊತ್ತಿರ್ಲಿಲ್ಲ, ತಮಗೆ ಸಾಕಷ್ಟು ಗೊತ್ತಿಲ್ಲ ಅನ್ನೋದಷ್ಟೇ ಗೊತ್ತಿದ್ದಿದ್ದು. 1961ರ ಕೊನೇಲಿ ಗರ್ಭಿಣಿಯರು ಅದನ್ನ ತಗೊಂಡ್ರೆ ಮಕ್ಕಳು ಕೈಕಾಲು ಸರಿಯಿಲ್ಲದೆ ಹುಟ್ತಾರೆ ಅಂತ ಹೊರಗೆ ಬಂತು, ಅರ್ಜಿ ವಾಪಸ್ ಹೋಯ್ತು.

ಹಾಗಾಗಿ ಎರಡು ಮಾತು ಬಾಯಿಪಾಠ ಮಾಡಿಟ್ಕೊಳ್ಳಿ. ಒಂದು, "ನಾಳೆ ಬೆಳಿಗ್ಗೆ ಹತ್ತಕ್ಕೆ ಹೇಳ್ತೀನಿ" (ಬರೀ "ನೋಡೋಣ" ಅನ್ಬೇಡಿ, ಗಂಟೆ ಹೇಳಿ). ಇನ್ನೊಂದು, "ಇದನ್ನ ಒಂದು ಮೇಲ್ ಹಾಕ್ಬಿಡಿ ಸರ್, ಓದಿ ಉತ್ರ ಕೊಡ್ತೀನಿ". ಬಾಯಲ್ಲಿ ಹೇಳೋಕೆ ನಾಚಿಕೆ ಆಗದ ಎಷ್ಟೋ ವಿಷ್ಯ ಮೇಲ್‌ನಲ್ಲಿ ಬರೆಯೋಕೆ ಹೋದ್ರೆ ಬೆರಳು ಆಡಲ್ಲ, ಅಲ್ಲಿಗೇ ಮುಗಿಯತ್ತೆ. ಆದ್ರೆ ಯಾರದ್ದಾದ್ರೂ ಪ್ರಾಣಕ್ಕೆ ಈ ಕ್ಷಣವೇ ಅಪಾಯ ಇದ್ರೆ ಈ ಹೆಜ್ಜೆ ಬಿಟ್ಬಿಡಿ, ಮೊದ್ಲು ಕಾಪಾಡಿ.

ಹೆಜ್ಜೆ 2: ಬಣ್ಣ ಹಚ್ಚದ ಮಾತಲ್ಲಿ ಬರೀರಿ

ಒಂದು ಹಾಳೆ ತಗೊಳ್ಳಿ, ಫೋನಲ್ಲಾದ್ರೂ ಸರಿ. ನಾನು ಏನ್ ಮಾಡೋಕೆ ಹೊರಟಿದ್ದೀನಿ ಅಂತ ಒಂದೇ ವಾಕ್ಯ ಬರೀರಿ. ಅದರಲ್ಲಿ ಅಡ್ಜಸ್ಟ್, ಮ್ಯಾನೇಜ್, ಫಾರ್ಮಾಲಿಟಿ, ಸ್ವಲ್ಪ ನೋಡ್ಕೊಳ್ಳೋದು, ಈ ಪದಗಳು ಬರ್ಬಾರ್ದು. ಯಾರು, ಏನು, ಯಾರಿಗೆ, ಎಷ್ಟು, ಅಷ್ಟೆ. ನನ್ನ ವಿಷ್ಯದಲ್ಲಿ "ಬ್ಯಾಚ್ ಕ್ಲಿಯರ್ ಮಾಡ್ತಿದ್ದೀನಿ" ಅಂತ ಮನಸ್ಸಲ್ಲಿದ್ದಿದ್ದು ಹಾಳೆ ಮೇಲೆ ಹೀಗಾಯ್ತು: "ಪರೀಕ್ಷೆ ಮಾಡ್ದೇ ಇರೋ 28 ವಾಲ್ವನ್ನ ಮಾಡಿದ್ದೀನಿ ಅಂತ ಬರೆದು ಕೆಳಗೆ ನನ್ನ ಹೆಸರು ಹಾಕ್ತಿದ್ದೀನಿ." ಓದ್ಕೊಂಡಾಗ ಕಿವಿ ಬಿಸಿಯಾಯ್ತು.

ಪದ ಬದಲಾಯ್ಸಿದ್ರೆ ಏನಾಗತ್ತೆ ಅನ್ನೋದಕ್ಕೆ ಚಾಲೆಂಜರ್ ಅನ್ನೋ ಅಮೆರಿಕದ ಬಾಹ್ಯಾಕಾಶ ನೌಕೆಯ ದುರಂತಕ್ಕಿಂತ ದೊಡ್ಡ ಪಾಠ ನಂಗೆ ಗೊತ್ತಿಲ್ಲ. 1986ರ ಜನವರಿ 27ರ ರಾತ್ರಿ, ಉಡಾವಣೆಗೆ ಮುಂಚಿನ ದಿನ, ರಾಕೆಟ್ ಬೂಸ್ಟರ್ ಮಾಡ್ತಿದ್ದ ಮಾರ್ಟನ್ ಥಿಯೋಕಾಲ್ ಕಂಪನಿಯ ಎಂಜಿನಿಯರ್‌ಗಳು ಫೋನ್ ಮೀಟಿಂಗ್‌ನಲ್ಲಿ ನಾಸಾದವ್ರಿಗೆ ಬೇಡ ಅಂತ ಹೇಳಿದ್ರು, ಚಳಿ ಜಾಸ್ತಿ, ಸೀಲ್ ಮಾಡೋ ರಬ್ಬರ್ ಉಂಗುರ ಗಟ್ಟಿಯಾಗತ್ತೆ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಮ್ಮಿ ಇದ್ರೆ ಹಾರಿಸ್ಬೇಡಿ ಅಂತ. ಅವ್ರಲ್ಲಿ ರೋಜರ್ ಬೋಯಿಸ್ಜೋಲಿ ಅನ್ನೋವ್ರು ಆರು ತಿಂಗಳ ಹಿಂದೆಯೇ, 1985ರ ಜುಲೈನಲ್ಲಿ, ಇದೇ ವಿಷ್ಯದ ಮೇಲೆ ಮೆಮೊ ಬರೆದಿಟ್ಟಿದ್ರು. ನಾಸಾದವ್ರಿಗೆ ಇಷ್ಟ ಆಗ್ಲಿಲ್ಲ, ಕಂಪನಿಯವ್ರು ಐದು ನಿಮಿಷ ಕೊಡಿ ಅಂತ ಫೋನ್ ಮ್ಯೂಟ್ ಮಾಡ್ಕೊಂಡು ತಮ್ಮತಮ್ಮಲ್ಲೇ ಮಾತಾಡ್ಕೊಂಡ್ರು, ಅಲ್ಲಿ ದೊಡ್ಡ ಅಧಿಕಾರಿಯೊಬ್ರು ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜ್‌ಮೆಂಟ್ ಟೋಪಿ ಹಾಕ್ಕೊಳ್ಳಿ ಅಂದ್ರು. ತೀರ್ಮಾನ ಬದಲಾಯ್ತು. ಮಾರನೇ ದಿನ ಹಾರಿದ 73ನೇ ಸೆಕೆಂಡಿಗೆ ನೌಕೆ ಚೂರಾಯ್ತು, ಏಳೂ ಜನ ಹೋದ್ರು. ಟೋಪಿ ಬದಲಾಯ್ಸಿದ್ರೆ ರಬ್ಬರ್ ಬದಲಾಗಲ್ವಲ್ಲ. (ನಮ್ಮಲ್ಲಿ ಟೋಪಿ ಹಾಕೋದಕ್ಕೆ ಇನ್ನೊಂದು ಅರ್ಥ ಇದೆ, ಅದೂ ಇಲ್ಲಿ ಚೆನ್ನಾಗೇ ಹೊಂದತ್ತೆ.)

ಅದೇ ಹಾಳೇಲಿ ನಡುವೆ ಒಂದು ಗೆರೆ ಎಳೆದು ಎಡಕ್ಕೆ "ಕಣ್ಣಾರೆ ಕಂಡಿದ್ದು", ಬಲಕ್ಕೆ "ನಾನು ಅಂದ್ಕೊಂಡಿದ್ದು" ಅಂತ ಬರೀರಿ. ಸಹೋದ್ಯೋಗಿ ಲೆಕ್ಕದಲ್ಲಿ ವ್ಯತ್ಯಾಸ ಇದೆ, ಇದು ಎಡಕ್ಕೆ. ಅವನು ಕದ್ದಿದ್ದಾನೆ, ಇದು ಬಲಕ್ಕೆ. ಎಷ್ಟೋ ಸಲ ಎಡಗಡೆ ಎರಡೇ ಸಾಲು ಇರತ್ತೆ, ಬಲಗಡೆ ಪುಟ ತುಂಬಿರತ್ತೆ, ಆಗ ನೀವು ಮಾಡ್ಬೇಕಾಗಿರೋದು ತೀರ್ಮಾನ ಅಲ್ಲ, ವಿಚಾರಣೆ.

ಹೆಜ್ಜೆ 3: ಸಂಕಟನಾ, ಹೆದ್ರಿಕೆನಾ?

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ನಿಮ್ಮನ್ನ ನೀವೇ ಕೇಳಿ: ಏನೇ ಮಾಡಿದ್ರೂ ನನ್ನ ಕೆಲಸಕ್ಕೆ, ದುಡ್ಡಿಗೆ, ಹೆಸರಿಗೆ ಒಂಚೂರೂ ಧಕ್ಕೆ ಆಗಲ್ಲ ಅಂತ ಯಾರೋ ಬರೆದು ಕೊಟ್ರೆ ನಾನು ಏನ್ಮಾಡ್ತೀನಿ?

ತಟ್ ಅಂತ ಉತ್ರ ಬಂತಾ, ಹಾಗಾದ್ರೆ ಅದು ಧರ್ಮಸಂಕಟ ಅಲ್ಲ. ನಿಮಗೆ ಗೊತ್ತು. ಇನ್ನು "ಯಾವ್ದು ಸರಿ" ಅಂತ ಸ್ನೇಹಿತರನ್ನೆಲ್ಲ ಕೇಳ್ಕೊಂಡು ತಿರ್ಗೋದು ಬಿಟ್ಟು "ಇದನ್ನ ಕಮ್ಮಿ ಪೆಟ್ಟು ತಿಂದು ಹೇಗೆ ಮಾಡೋದು" ಅಂತ ಯೋಚ್ನೆ ಮಾಡಿ. ಹೆದರೋದು ತಪ್ಪೇನಲ್ಲ, ಮನೆ ನಡೀಬೇಕು, ಸಾಲ ಕಟ್ಬೇಕು, ಅದೂ ಒಂದು ಹೊಣೆನೇ. ಹೆದ್ರಿಕೆಗೆ ತತ್ವದ ವೇಷ ಹಾಕ್ಸಿದಾಗ ಮಾತ್ರ ನಾವೇ ದಾರಿ ತಪ್ತೀವಿ.

ಗ್ಯಾರಂಟಿ ಸಿಕ್ಕಿದ ಮೇಲೂ ಅತ್ತ ದರಿ ಇತ್ತ ಪುಲಿ ಅಂತಲೇ ಅನ್ಸಿದ್ರೆ ಅದು ಅಸಲಿ. ವಯಸ್ಸಾದ ತಾಯಿ ಜೊತೆ ಇರ್ಬೇಕಾ, ಮಗಳ ಚಿಕಿತ್ಸೆಗೆ ಬೇರೆ ಊರಿಗೆ ಹೋಗ್ಬೇಕಾ. ಕೊಟ್ಟ ಮಾತು ಉಳಿಸ್ಕೋಬೇಕಾ, ಇನ್ನೊಬ್ಬರಿಗೆ ಆಗೋ ಅನ್ಯಾಯ ತಪ್ಪಿಸ್ಬೇಕಾ. ಇಲ್ಲಿ ಎರಡೂ ಸರಿನೇ, ಯಾವ್ದನ್ನ ಆರಿಸಿದ್ರೂ ಇನ್ನೊಂದರ ನೋವು ಉಳಿಯತ್ತೆ, ಆ ನೋವು ಉಳೀತು ಅಂದ ಮಾತ್ರಕ್ಕೆ ನೀವು ತಪ್ಪು ಮಾಡಿದ್ರಿ ಅಂತಲ್ಲ. ತತ್ವಶಾಸ್ತ್ರದವ್ರ ಉತ್ರ ಸಿಗತ್ತೆ ಅಂತ ಕಾಯ್ಬೇಡಿ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಸ್ನೇಹಿತ ಒಳಗಿದ್ದಾನಾ ಅಂತ ಕೇಳಿದ್ರೂ ಸುಳ್ಳು ಹೇಳೋ ಹಾಗಿಲ್ಲ ಅಂತ 1797ರಲ್ಲಿ ಜರ್ಮನ್ ತತ್ವಜ್ಞಾನಿ ಕ್ಯಾಂಟ್ ವಾದ ಮಾಡಿದ್ದ, ಅಷ್ಟು ದೊಡ್ಡ ತಲೆ, ಆದ್ರೆ ನಾನಂತೂ ಕಣ್ಣು ಮಿಟುಕಿಸ್ದೆ ಸುಳ್ಳು ಹೇಳ್ತೀನಿ. 1967ರಲ್ಲಿ ಫಿಲಿಪ್ಪಾ ಫುಟ್ ಅನ್ನೋ ತತ್ವಜ್ಞಾನಿ ಶುರು ಮಾಡಿದ ಟ್ರಾಲಿ ಸಮಸ್ಯೆ, ಅದೇ ನಿಲ್ಲಿಸೋಕಾಗದ ಟ್ರಾಲಿ ಬರ್ತಿದೆ, ಈ ಹಳಿ ಮೇಲೆ ಐದು ಜನ ಆ ಹಳಿ ಮೇಲೆ ಒಬ್ಬ, ಯಾವ ಕಡೆ ತಿರುಗಿಸ್ತೀಯಾ ಅನ್ನೋದು, ತಲೆಗೆ ಒಳ್ಳೇ ವ್ಯಾಯಾಮ, ಆದ್ರೆ ಅದರಲ್ಲಿ ಕೂಗಿ ಎಚ್ಚರಿಸೋಕೆ ಅವಕಾಶ ಇಲ್ಲ, ಬ್ರೇಕ್ ಇಲ್ಲ, ಯಾರನ್ನೂ ಕೇಳೋ ಹಾಗಿಲ್ಲ. ನಿಜ ಜೀವನದಲ್ಲಿ ಇವೆಲ್ಲಾ ಇರತ್ತೆ, ಹುಡುಕೋ ತಾಳ್ಮೆ ಬೇಕಷ್ಟೆ.

ಹೆಜ್ಜೆ 4: ಇದು ಯಾರ ಸೊತ್ತು?

ಮನೆ ವಿಷ್ಯದಲ್ಲಿ ಅರ್ಧ ಗಂಟು ಈ ಒಂದು ಪ್ರಶ್ನೇಲಿ ಬಿಚ್ಕೊಳ್ಳತ್ತೆ. ನನ್ನ ಸ್ನೇಹಿತನ ತಂದೆಗೆ ಕ್ಯಾನ್ಸರ್ ಅಂತ ಗೊತ್ತಾದಾಗ ಅಪ್ಪಂಗೆ ಹೇಳ್ಬಾರ್ದು, ಎದೆ ಒಡ್ಕೊಂಡು ಹೋಗ್ಬಿಡ್ತಾರೆ ಅಂತ ಮನೆಯವ್ರೆಲ್ಲ ತೀರ್ಮಾನ ಮಾಡಿದ್ರು, ಅವನು ಮಾತ್ರ ರಾತ್ರಿಯೆಲ್ಲ ನಿದ್ದೆ ಬಿಟ್ಟ. ಹೇಳಿದ್ರೆ ಕ್ರೌರ್ಯ, ಹೇಳ್ದಿದ್ರೆ ಮೋಸ. ಆದ್ರೆ ಆ ಸುದ್ದಿ ಮನೆಯವ್ರದ್ದಲ್ಲ, ಅಪ್ಪಂದು. ಹೇಳ್ಬೇಕಾ ಬೇಡ್ವಾ ಅನ್ನೋ ತೀರ್ಮಾನನೂ ಅವ್ರದ್ದೇ. ಕೆಟ್ಟ ಸುದ್ದಿ ಹೇಳೋಕೆ ಡಾಕ್ಟರ್‌ಗಳಿಗೆ ಸ್ಪೈಕ್ಸ್ ಅಂತ ಆರು ಹಂತದ ಒಂದು ಪದ್ಧತಿ ಇದೆ, 2000ದಲ್ಲಿ ಪ್ರಕಟ ಆಗಿದ್ದು, ಅದರ ಮೂರನೇ ಹಂತನೇ ರೋಗಿಗೆ ಎಷ್ಟು ತಿಳ್ಕೊಳ್ಳೋ ಇಷ್ಟ ಇದೆ ಅಂತ ಅವ್ರನ್ನೇ ಕೇಳೋದು. ಸ್ನೇಹಿತ ಹಾಗೇ ಕೇಳ್ದ, ಸಂಜೆ ಇಬ್ರೇ ಇದ್ದಾಗ, "ಅಪ್ಪಾ, ರಿಪೋರ್ಟ್ ವಿಷ್ಯ ಎಲ್ಲಾ ನಿಮಗೇ ಹೇಳ್ಲಾ, ಇಲ್ಲಾ ನಾನು ಡಾಕ್ಟ್ರು ನೋಡ್ಕೊಳ್ಳೋದಾ?" ಅಪ್ಪ ಓದ್ತಿದ್ದ ಪೇಪರ್ ಮಡಚಿಟ್ಟು "ನಂಗೆ ಗೊತ್ತಾಗಿದೆ ಕಣೋ, ನಿಮ್ಮಮ್ಮಂಗೆ ಹೇಗೆ ಹೇಳೋದು ಅಂತ ನೋಡ್ತಿದ್ದೆ" ಅಂದ್ರಂತೆ.

ಗುಟ್ಟಿನ ವಿಷ್ಯನೂ ಹೀಗೇ. ಗೆಳತಿ ಯಾರಿಗೂ ಹೇಳ್ಬೇಡ ಅಂತ ಹೇಳಿದ್ದು ಅವಳ ಸೊತ್ತು, ಅದು ನಿಮ್ಮ ಬಾಯಿಂದ ಹೊರಗೆ ಬರೋಕೆ ನಿಮಗೆ ಹೊಟ್ಟೇಲಿ ಕಿವುಚ್ತಿದೆ ಅನ್ನೋದು ಕಾರಣ ಆಗಲ್ಲ. ಆದ್ರೆ ಇನ್ನೊಬ್ಬರ ಪ್ರಾಣದ ಪ್ರಶ್ನೆ ಬಂದ್ರೆ ಸೊತ್ತು ಅವಳೊಬ್ಬಳದ್ದೇ ಆಗಿ ಉಳಿಯಲ್ಲ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ತರಾಸಾಫ್ ಪ್ರಕರಣದಲ್ಲಿ ಇದನ್ನೇ ಹೇಳಿತ್ತು: ರೋಗಿ ಇಂಥವ್ರನ್ನ ಕೊಲ್ತೀನಿ ಅಂತ ಮನೋವೈದ್ಯರ ಹತ್ರ ಹೇಳ್ಕೊಂಡ್ರೆ ಗುಟ್ಟು ಅಂತ ಸುಮ್ಮನೆ ಕೂರೋ ಹಾಗಿಲ್ಲ, ಅಪಾಯದಲ್ಲಿರೋವ್ರನ್ನ ಕಾಪಾಡೋ ಹೊಣೆ ಇದೆ ಅಂತ. ಮುರೀಲೇಬೇಕು ಅಂತಾದ್ರೆ ಮೊದ್ಲು ಗುಟ್ಟು ಕೊಟ್ಟವ್ರಿಗೆ ಹೇಳಿ ಮುರೀರಿ, "ನಾಳೆ ಒಳಗೆ ನೀನೇ ಹೇಳು, ಇಲ್ಲಾಂದ್ರೆ ನಾನು ಹೇಳ್ತೀನಿ" ಅಂತ. ಹಾಗೆ ಹೇಳೋದ್ರಿಂದಲೇ ಅಪಾಯ ಹೆಚ್ಚೋ ಹಾಗಿದ್ರೆ ಮಾತ್ರ ಹೇಳ್ದೇನೇ.

ಹೆಜ್ಜೆ 5: ಮೂರನೇ ದಾರಿ ಹುಡುಕಿ, ಆದ್ರೆ ಕಳ್ಳದಾರಿ ಬೇಡ

ಈಗ ಆ ಎರಡನೇ ಸಲ. ಪೆನ್ನು ಬಂತು, ಲಾರಿ ನಿಂತಿತ್ತು, ಈ ಸಲ ನೋಡಿದ್ದು 9 ವಾಲ್ವ್ ಮಾತ್ರ. ಹಾಕಲ್ಲ ಅಂತ ಮಾತ್ರ ಅಂದಿದ್ರೆ ಅದು ನನ್ನ ಮತ್ತೆ ಅವ್ರ ನಡುವಿನ ಹಠ ಆಗ್ತಿತ್ತು. ನಾನು ಹೇಳಿದ್ದು ಇಷ್ಟು: "ಸರ್, ಎರಡು ದಾರಿ ಇದೆ. 9 ಪರೀಕ್ಷೆ ಆಗಿದೆ, 31 ಆಗಿಲ್ಲ ಅಂತ ಬರೆದು ಈಗ್ಲೇ ಸಹಿ ಹಾಕ್ತೀನಿ, ಕಸ್ಟಮರ್ ಒಪ್ಪಿದ್ರೆ ಲಾರಿ ಹೋಗ್ಲಿ. ಇಲ್ಲಾ ರಾತ್ರಿ ಇದ್ದು ನಾನೇ ಮುಗಿಸ್ತೀನಿ, ಬೆಳಿಗ್ಗೆ ಆರಕ್ಕೆ ಲಾರಿ ಬಿಡಿ." ಬೈದ್ರು, ಚೆನ್ನಾಗೇ ಬೈದ್ರು, ನೀನೇನು ಸತ್ಯಹರಿಶ್ಚಂದ್ರನಾ ಅಂದ್ರು, ಆಮೇಲೆ ಡ್ರೈವರ್‌ಗೆ ಎಂಜಿನ್ ಆಫ್ ಮಾಡು ಅಂತ ಹೇಳೋಕೆ ಹೊರಗೆ ಹೋದ್ರು. ರಾತ್ರಿ ಮಾಡ್ತಾ ಮಾಡ್ತಾ 31ರಲ್ಲಿ ಒಂದು ಸೋರ್ತು. ಒಂದೇ. ವಾಲ್ವ್ ಒಳಗೆ ಮುಚ್ಕೊಳ್ಳೋ ಜಾಗದ ಹತ್ರ ನೀರು ಮಣಿ ಮಣಿಯಾಗಿ ಬರ್ತಿತ್ತು.

ಹಾವೂ ಸಾಯಬಾರ್ದು ಕೋಲೂ ಮುರೀಬಾರ್ದು ಅನ್ನೋ ಗಾದೆನ ಜನ ಹೆಚ್ಚಾಗಿ ತಪ್ಪಿಸ್ಕೊಳ್ಳೋಕೆ ಬಳಸ್ತಾರೆ, ಹುಷಾರು. ಅಶ್ವತ್ಥಾಮ ಸತ್ತ ಅಂತ ಜೋರಾಗಿ ಹೇಳಿ ಆನೆ ಅನ್ನೋದನ್ನ ಮೆಲ್ಲಗೆ ಹೇಳಿದ ಧರ್ಮರಾಯನದ್ದೂ ಒಂಥರಾ ಮೂರನೇ ದಾರಿನೇ ಅಲ್ವಾ, ಅಲ್ಲಿಯವರೆಗೆ ನೆಲ ಮುಟ್ಟದೆ ಓಡ್ತಿದ್ದ ರಥ ಆಮೇಲೆ ನೆಲಕ್ಕಿಳೀತು. ನಿಮ್ಮ ದಾರಿ ಯಾವ ಥರದ್ದು ಅಂತ ತಿಳ್ಕೊಳ್ಳೋಕೆ, ಇದರಿಂದ ಯಾರಿಗೆ ಪೆಟ್ಟು ಬೀಳತ್ತೋ ಅವ್ರ ಮುಂದೆ ಕೂತು ಪೂರ್ತಿ ವಿವರಿಸೋಕಾಗತ್ತಾ ಅಂತ ಯೋಚ್ನೆ ಮಾಡಿ.

ಹೆಜ್ಜೆ 6: ಮುಂಚೇನೇ ಗೆರೆ ಎಳ್ಕೊಳ್ಳಿ

ಚಿಕ್ಕದಾಗಿ ಹೇಳ್ತೀನಿ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅನ್ನೋ ಮನಃಶಾಸ್ತ್ರಜ್ಞ ಮಾಡಿದ ಪ್ರಯೋಗದಲ್ಲಿ ಸಾಮಾನ್ಯ ಜನ, ಬಿಳಿ ಅಂಗಿ... ಅಲ್ಲ, ಬೂದು ಕೋಟು ಹಾಕಿದವನೊಬ್ಬ ಮುಂದುವರ್ಸಿ ಅಂದಿದ್ದಕ್ಕೆ ಇನ್ನೊಬ್ಬನಿಗೆ ಶಾಕ್ ಕೊಡ್ತಾ ಹೋದ್ರು (ಶಾಕ್ ನಕಲಿ, ಅವ್ರಿಗೆ ಗೊತ್ತಿರ್ಲಿಲ್ಲ). ಹೆಸರುವಾಸಿಯಾದ ಸುತ್ತಿನಲ್ಲಿ 40ರಲ್ಲಿ 26 ಜನ ಕೊನೇ ಸ್ವಿಚ್ ವರೆಗೂ, 450 ವೋಲ್ಟ್‌ವರೆಗೂ ಹೋದ್ರು. ನಂಗೆ ಅದರಲ್ಲಿ ಕಣ್ಣಿಗೆ ಬಿದ್ದಿದ್ದು ಸ್ವಿಚ್‌ಗಳ ಜೋಡಣೆ: 15 ವೋಲ್ಟಿಂದ ಶುರು, ಒಂದೊಂದು ಸಲಕ್ಕೂ 15 ಜಾಸ್ತಿ. ಸೀದಾ 450 ಒತ್ತು ಅಂದಿದ್ರೆ ಎಷ್ಟೋ ಜನ ಎದ್ದು ಹೋಗ್ತಿದ್ರೇನೋ. ನನ್ನ 12 ವಾಲ್ವ್ ಒಂದೇ ತಿಂಗಳಲ್ಲಿ 9 ಆಗಿದ್ದೂ ಹಾಗೇ. ತಲೆ ತಣ್ಣಗಿರೋವಾಗ, ಯಾರೂ ಕೇಳ್ದೇ ಇರೋವಾಗ, ನಾನು ಮಾಡಲ್ಲ ಅನ್ನೋ ಮೂರು ವಿಷ್ಯ ಬರೆದಿಟ್ಕೊಳ್ಳಿ. ನನ್ನದು: ನೋಡ್ದೇ ಇರೋದನ್ನ ನೋಡಿದೆ ಅಂತ ಬರೆಯಲ್ಲ, ಹಳೇ ತಾರೀಕು ಹಾಕಲ್ಲ, ಇನ್ನೊಬ್ಬರ ಹೆಸರಲ್ಲಿ ಸಹಿ ಮಾಡಲ್ಲ.

ಹೆಜ್ಜೆ 7: ಆಫೀಸಲ್ಲಿ ಬಾಯಿ ಬಿಡೋಕೆ ಮುಂಚೆ

ಇಲ್ಲಿ ಧೈರ್ಯಕ್ಕಿಂತ ತಯಾರಿ ಮುಖ್ಯ. ಯಾವತ್ತು, ಎಷ್ಟೊತ್ತಿಗೆ, ಯಾರು ಏನಂದ್ರು ಅಂತ ಅವತ್ತೇ ಬರೆದಿಡಿ, ಎರಡು ತಿಂಗಳ ಮೇಲೆ ನೆನಪಿನಿಂದ ಬರೆದಿದ್ದಕ್ಕೆ ಬೆಲೆ ಕಮ್ಮಿ. ಬಾಯಲ್ಲಿ ನಡೆದ ಮಾತಿಗೆ "ಇವತ್ತು ನೀವು ಹೀಗೆ ಹೇಳಿದ್ರಿ ಅಂತ ನಾನು ಅರ್ಥ ಮಾಡ್ಕೊಂಡೆ, ಸರಿನಾ" ಅಂತ ಒಂದು ಸೌಮ್ಯ ಮೇಲ್ ಹಾಕಿ. ಕಂಪನಿ ದಾಖಲೆನ ಪೆನ್ ಡ್ರೈವ್‌ಗೆ ತುಂಬ್ಕೊಂಡು ಮನೆಗೆ ತರ್ಬೇಡಿ, ಹೇಳ್ಬೇಕಾಗಿರೋದು ಎಷ್ಟೇ ಸರಿಯಿದ್ರೂ ಆಮೇಲೆ ಕಳ್ಳ ಅಂತ ನಿಮ್ಮನ್ನೇ ತೋರಿಸ್ತಾರೆ. ಮೊದ್ಲು ಒಳಗೆ ಹೇಳಿ, ಮೇಲಿನವ್ರು, ಅವ್ರ ಮೇಲಿನವ್ರು, ದೂರು ಕೇಳೋ ವಿಭಾಗ ಇದ್ರೆ ಅದು, ಹೊರಗೆ ಹೋಗೋದಾದ್ರೆ ವಕೀಲರ ಹತ್ರ ಒಂದು ಗಂಟೆ ಕೂತು ಆಮೇಲೆ ಹೋಗಿ, ಒಂದೊಂದು ದೇಶದಲ್ಲಿ ಒಂದೊಂದು ಕಾನೂನು, ರಕ್ಷಣೆ ಸಿಗೋದು ಕೆಲವೊಮ್ಮೆ ನೀವು ಯಾರಿಗೆ ಹೇಳಿದ್ರಿ ಅನ್ನೋದ್ರ ಮೇಲೆ ನಿಂತಿರತ್ತೆ. ಒಬ್ಬರೇ ಹೋಗೋದಕ್ಕಿಂತ ಇಬ್ರು ಹೋದ್ರೆ ದೂರಿನ ತೂಕ ಎರಡರಷ್ಟಲ್ಲ, ಹತ್ತರಷ್ಟು.

ಮತ್ತೆ ದುಡ್ಡು. ಇದನ್ನ ಯಾರೂ ನೀತಿಪಾಠದಲ್ಲಿ ಹೇಳಲ್ಲ, ಆದ್ರೆ ನಾಲ್ಕೈದು ತಿಂಗಳ ಖರ್ಚು ಪಕ್ಕಕ್ಕಿಟ್ಟವ್ನಿಗೆ "ಆಗಲ್ಲ ಸರ್" ಅನ್ನೋಕೆ ಗಂಟಲು ಕಟ್ಟಲ್ಲ.

ಹೆಜ್ಜೆ 8: ಸಾರ್ವಜನಿಕ ಜವಾಬ್ದಾರಿ ಇದ್ರೆ

ಚುನಾಯಿತ ಸ್ಥಾನನೇ ಆಗ್ಬೇಕಿಲ್ಲ, ಶಾಲಾ ಸಮಿತಿ, ಸಂಘದ ಖಜಾಂಚಿ, ಆಯ್ಕೆ ಸಮಿತಿ ಎಲ್ಲಾ ಸೇರತ್ತೆ. ನಿಮ್ಮ ಭಾಮೈದನ ಅರ್ಜಿ ನಿಮ್ಮ ಮುಂದೆ ಬಂದ್ರೆ "ನಾನು ನ್ಯಾಯವಾಗೇ ನೋಡ್ತೀನಿ" ಅನ್ನೋದು ಸಾಲಲ್ಲ, ನೀವು ನಿಜವಾಗ್ಲೂ ನ್ಯಾಯವಾಗೇ ನೋಡ್ತೀರಿ ಅಂತಾದ್ರೂ ಸಾಲಲ್ಲ. ಚರ್ಚೆ ಶುರುವಾಗೋ ಮುಂಚೆ ಸಂಬಂಧ ಇದೆ ಅಂತ ಹೇಳಿ, ಅದನ್ನ ನಡಾವಳಿಲಿ ಬರೆಸಿ, ರೂಮಿಂದ ಎದ್ದು ಹೊರಗೆ ಹೋಗಿ. ಸುಮ್ಮನೆ ಕೂತು ಮತ ಹಾಕ್ದೇ ಇರೋದು ಬೇರೆ, ಹೊರಗೆ ಹೋಗೋದು ಬೇರೆ, ನೀವು ಎದುರಿಗೆ ಕೂತಿದ್ರೆ ಉಳಿದವ್ರಿಗೆ ಬೇಡ ಅನ್ನೋಕೆ ಮುಖ ಬರಲ್ಲ.

ತಪ್ಪು ನಿಮ್ಮದೇ ಆಗಿದ್ದಾಗ ಇನ್ನೂ ಕಷ್ಟ. ನ್ಯೂಯಾರ್ಕ್‌ನಲ್ಲಿ 59 ಮಹಡಿಯ ಸಿಟಿಕಾರ್ಪ್ ಕಟ್ಟಡಕ್ಕೆ ಲೆಕ್ಕ ಹಾಕಿದ್ದ ವಿಲಿಯಂ ಲಾಮೆಷರ್ ಅನ್ನೋ ಎಂಜಿನಿಯರ್‌ಗೆ ಕಟ್ಟಿ ಮುಗಿಸಿದ ಮೇಲೆ, 1978ರಲ್ಲಿ, ಮೂಲೆಯಿಂದ ಬೀಸೋ ಜೋರು ಗಾಳಿಗೆ ಅದರ ಜಾಯಿಂಟುಗಳು ತಡೆಯೋದು ಕಷ್ಟ ಅಂತ ಗೊತ್ತಾಯ್ತು, ಯಾಕಂದ್ರೆ ಕಟ್ಟೋವಾಗ ಜಾಯಿಂಟುಗಳಿಗೆ ವೆಲ್ಡಿಂಗ್ ಬದಲು ಬೋಲ್ಟ್ ಹಾಕಿದ್ರು. ಅವ್ರೇ ಹೋಗಿ ಮಾಲೀಕರಿಗೆ ಹೇಳಿದ್ರು, ರಾತ್ರಿ ಹೊತ್ತು ವೆಲ್ಡಿಂಗ್ ಮಾಡಿ ಸರಿಪಡಿಸಿದ್ರು. ಇಷ್ಟು ಹೇಳಿ ಅವ್ರನ್ನ ಹೊಗಳೋರು ಬಹಳ ಜನ. ಆದ್ರೆ ಆ ಕಟ್ಟಡದೊಳಗೆ, ಸುತ್ತಮುತ್ತ ಇದ್ದ ಜನಕ್ಕೆ ನಿಜ ಹೇಳ್ಲೇ ಇಲ್ಲ, ಹೊರಗೆ ಬಂದಿದ್ದು 1995ರಲ್ಲಿ. ಗಾಬರಿ ಆಗ್ಬಾರ್ದು ಅಂತ ಮುಚ್ಚಿಟ್ರು ಅಂತಾರೆ, ಆದ್ರೆ ಗಾಳಿ ಬೀಸಿದ್ರೆ ಸಾಯೋವ್ರು ಅವ್ರು, ನಾಲ್ಕನೇ ಹೆಜ್ಜೆಯ ಪ್ರಶ್ನೆ ಇಲ್ಲೂ ಕೇಳಿ ನೋಡಿ. ನನ್ನ ಪ್ರಕಾರ ಅರ್ಧ ಅಂಕ.

ಹೆಜ್ಜೆ 9: ಆಗೋದು ಆದ ಮೇಲೆ

ತೀರ್ಮಾನ ಮಾಡಿದ ದಿನವೇ ಯಾಕೆ ಹೀಗೆ ಮಾಡ್ದೆ ಅಂತ ನಾಲ್ಕು ಸಾಲು ಬರೆದಿಡಿ. ಮುಂದೆ ಫಲಿತಾಂಶ ಕೆಟ್ಟು ಹೋದ್ರೆ ನಮ್ಮನ್ನ ನಾವೇ ಬೈಕೊಳ್ತೀವಿ, ಚೆನ್ನಾಗಾದ್ರೆ ಬೆನ್ನು ತಟ್ಕೊಳ್ತೀವಿ, ಎರಡಕ್ಕೂ ಆವತ್ತು ನಿಮಗೆ ಏನು ಗೊತ್ತಿತ್ತು ಅನ್ನೋದಕ್ಕೂ ಸಂಬಂಧ ಇರಲ್ಲ. ಯಾರಿಗೆ ನೋವಾಯ್ತೋ ಅವ್ರ ಹತ್ರ ಹೋಗಿ "ನಿಮಗೆ ಬೇಜಾರಾಗಿದ್ರೆ ಕ್ಷಮಿಸಿ" ಅನ್ಬೇಡಿ, ಆ "ಆಗಿದ್ರೆ" ಎಲ್ಲಾ ಹಾಳು ಮಾಡತ್ತೆ. ಏನ್ ಮಾಡ್ದೆ ಅಂತ ಹೇಳಿ, ಏನ್ ಸರಿ ಮಾಡ್ತೀನಿ ಅಂತ ಹೇಳಿ, ಸುಮ್ಮನಾಗಿ.

ಮೊದಲನೇ ಬ್ಯಾಚಿನ ಆ 28 ವಾಲ್ವ್ ಇತ್ತಲ್ಲ. ರಾತ್ರಿ ಒಂದು ಸೋರಿದ್ದು ನೋಡಿದ ಮೇಲೆ ಅವು ತಲೆಯಿಂದ ಹೋಗ್ಲಿಲ್ಲ, ಆದ್ರೂ ಎರಡು ವರ್ಷ ಬಾಯಿ ಬಿಡ್ಲಿಲ್ಲ, ಕೆಲಸ ಬಿಟ್ಟ ಮೇಲೆ ಆ ಕಸ್ಟಮರ್‌ಗೆ ಮೇಲ್ ಬರೆದೆ, ಬ್ಯಾಚ್ ನಂಬರ್, ತಾರೀಕು, ಎಷ್ಟು ನೋಡಿದ್ದೆ ಎಷ್ಟು ನೋಡಿರ್ಲಿಲ್ಲ, ಸಹಿ ನನ್ನದೇ ಅಂತ. ಹನ್ನೊಂದು ದಿನದ ಮೇಲೆ ಒಂದು ಸಾಲಿನ ಉತ್ರ ಬಂತು: "ಮಾಹಿತಿಗೆ ಧನ್ಯವಾದ, ಆ ಬ್ಯಾಚ್ ಎಲ್ಲೆಲ್ಲಿ ಅಳವಡಿಸಿದ್ದೇವೆ ಎಂದು ಹುಡುಕುತ್ತಿದ್ದೇವೆ." ಆಮೇಲೆ ಅವ್ರು ಏನೂ ಬರೀಲಿಲ್ಲ.